ಹನಿಮೂನ್‌ಗೆ ಮಾಲ್ಡೀವ್ಸ್‌ನಲ್ಲಿ ವಾಟರ್ ವಿಲ್ಲಾ (ಸಮುದ್ರದ ನೀರಿನ ಮೇಲೆ ಕಟ್ಟಿರೋ ಮನೆ) ರೆಸಾರ್ಟ್ ಹೇಗೆ ಆರಿಸೋದು?

ಫೋಟೋ ನೋಡಿ ಮರುಳಾಗೋಕೆ ಮುಂಚೆ ಮಾಲೆ ಏರ್‌ಪೋರ್ಟ್‌ನಿಂದ ಆ ದ್ವೀಪಕ್ಕೆ ಹೇಗೆ ಹೋಗೋದು ಅಂತ ನೋಡಿ, ಯಾಕಂದ್ರೆ ದೂರದ ದ್ವೀಪಗಳಿಗೆ ಹೋಗೋ ಸೀಪ್ಲೇನ್ (ನೀರಿನ ಮೇಲೆ ಇಳಿಯೋ ಪುಟ್ಟ ವಿಮಾನ) ಹಾರೋದು ಹಗಲಲ್ಲಿ ಮಾತ್ರ, ನಿಮ್ಮ ಫ್ಲೈಟ್ ಸಂಜೆ ಇಳಿದ್ರೆ ಮೊದಲನೇ ರಾತ್ರಿ ಮಾಲೆ ಹತ್ರಾನೇ ಯಾವುದೋ ಹೋಟೆಲಲ್ಲಿ ಕಳೀಬೇಕಾಗತ್ತೆ. ಸ್ಪೀಡ್‌ಬೋಟಲ್ಲಿ ಹೋಗೋಷ್ಟು ಹತ್ತಿರ ಇದ್ರೆ ಈ ತಲೆನೋವು ಕಮ್ಮಿ. ರೇಟ್ ಹೇಳಿದಾಗ 10% ಸರ್ವಿಸ್ ಚಾರ್ಜ್, 17% ಜಿಎಸ್‌ಟಿ, ಗ್ರೀನ್ ಟ್ಯಾಕ್ಸ್ (ಪ್ರವಾಸಿಗರಿಗೆ ರಾತ್ರಿಗಿಷ್ಟು ಅಂತ ಹಾಕೋ ತೆರಿಗೆ) ಎಲ್ಲಾ ಸೇರಿದೆಯಾ ಕೇಳ್ಕೊಳಿ. ಊಟದ ಪ್ಲಾನೂ ನೋಡಿ, ಸಾಮಾನ್ಯವಾಗಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್, ಹೊರಗೆ ಹೋಗಿ ತಿನ್ನೋ ಮಾತೇ ಇಲ್ಲ. ನನ್ನ ಕೇಳಿದ್ರೆ ವಾಟರ್ ವಿಲ್ಲಾ ಎರಡು ರಾತ್ರಿ ಸಾಕು, ಉಳಿದದ್ದು ಬೀಚ್ ವಿಲ್ಲಾ. ಜನವರಿಯಿಂದ ಏಪ್ರಿಲ್ ಮಳೆ ಕಮ್ಮಿ, ರೇಟ್ ಜಾಸ್ತಿ. ಸ್ಪಾ? ಹನಿಮೂನ್ ಪ್ಯಾಕೇಜಲ್ಲೇ ಸೇರಿಸಿಕೊಡಿ ಅಂತ ಬುಕ್ ಮಾಡೋ ಮುಂಚೆನೇ ಕೇಳಿಬಿಡಿ.