ರೊಟ್ಟಿ ರೊಟ್ಟಿಯಂತೆಯೇ ಇದೆಯಲ್ಲ, ಅದು ಕ್ರಿಸ್ತನ ದೇಹ ಹೇಗೆ?

ಪ್ರಶ್ನೆ: ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಹಂಚುವ ರೊಟ್ಟಿಯನ್ನು, ಕೆಲವರು ಕ್ರಿಸ್ತನ ದೇಹವೇ ಅನ್ನುತ್ತಾರೆ, ಕೆಲವರು ಬರೀ ನೆನಪಿನ ಗುರುತು ಅನ್ನುತ್ತಾರೆ. ರುಚಿಯೂ ಬದಲಾಗುವುದಿಲ್ಲ, ಬಣ್ಣವೂ ಬದಲಾಗುವುದಿಲ್ಲ. ಯಾವುದು ಸರಿ?

ಉತ್ತರ: ಇದೇ ಪ್ರಶ್ನೆಗೆ ಸಭೆಗಳೇ ಒಡೆದುಹೋಗಿವೆ, ನಿಮಗೆ ಗೊಂದಲವಾದರೆ ಅದನ್ನು ನಂಬಿಕೆಯ ಕೊರತೆ ಅಂದುಕೊಳ್ಳಬೇಡಿ. 1529ರಲ್ಲಿ ಜರ್ಮನಿಯ ಮಾರ್ಬರ್ಗ್‌ನಲ್ಲಿ ಪೋಪರ ಸಭೆಯಿಂದ ಬೇರೆಯಾದ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ಎದುರುಬದುರು ಕೂತರು. ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ, ಕೊನೆಯ ಊಟದಲ್ಲಿ ಯೇಸು ರೊಟ್ಟಿ ಹಿಡಿದು ಹೇಳಿದ ‘ಇದು ನನ್ನ ದೇಹ’ ಎಂದು ಲ್ಯಾಟಿನ್‌ನಲ್ಲಿ ಬರೆದಿಟ್ಟುಕೊಂಡೇ ವಾದಕ್ಕಿಳಿದರು. ಅಲ್ಲಿನ ‘ಎಸ್ಟ್’ (‘ಆಗಿದೆ’) ಎಂಬ ಕ್ರಿಯಾಪದಕ್ಕೆ ‘ಸೂಚಿಸುತ್ತದೆ’ ಎಂದೇ ಅರ್ಥ ಎಂದರು ಜ್ವಿಂಗ್ಲಿ. ಹದಿನಾಲ್ಕು ವಿಷಯಗಳಲ್ಲಿ ಒಪ್ಪಿದವರು ಇದೊಂದರಲ್ಲಿ ಒಪ್ಪದೆ ಎದ್ದುಹೋದರು. ‘ಇದು ನನ್ನ ದೇಹ’ ಅನ್ನಲು ಕನ್ನಡಕ್ಕೆ ಆ ಕ್ರಿಯಾಪದವೇ ಬೇಕಿಲ್ಲ. ಯೇಸು ಆಡುತ್ತಿದ್ದ ಅರಮಾಯಿಕ್‌ಗೂ ಬೇಕಿರಲಿಲ್ಲ. ಹಾಗಾಗಿ ಆ ಒಂದು ಪದದ ಮೇಲೆ ಇಡೀ ವಾದವನ್ನು ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ.

ನೀವು ಹೇಳುವ ರುಚಿ, ಬಣ್ಣಗಳು ಉಳಿಯುತ್ತವೆ ಎಂಬುದನ್ನು ಕಥೋಲಿಕ ಧರ್ಮಸಭೆಯೂ ಒಪ್ಪುತ್ತದೆ. ಬದಲಾಗುವುದು ಕಣ್ಣಿಗೆ ಕಾಣದ ಒಳಸತ್ವ ಎಂಬುದು ಅದರ ಬೋಧನೆ. 1215ರ ಲ್ಯಾಟರನ್ ಮಹಾಸಭೆ ಹೇಳಿದ್ದನ್ನು 1551ರಲ್ಲಿ ಟ್ರೆಂಟ್ ಮಹಾಸಭೆ ಗಟ್ಟಿಮಾಡಿತು. ಆರ್ಥೊಡಾಕ್ಸ್ ಸಭೆಗಳು ಬದಲಾವಣೆಯನ್ನು ನಂಬುತ್ತವೆ, ‘ಹೇಗೆ’ ಎಂಬುದನ್ನು ರಹಸ್ಯವೆಂದು ಬಿಡುತ್ತವೆ. ಪವಿತ್ರಾತ್ಮನ ಮೂಲಕ ನಾವು ನಿಜವಾಗಿಯೇ ಕ್ರಿಸ್ತನನ್ನು ಉಣ್ಣುತ್ತೇವೆ ಎಂದವರು ಇನ್ನೊಬ್ಬ ಸುಧಾರಕ ಕ್ಯಾಲ್ವಿನ್.

‘ಬರೀ ನೆನಪು’ ಎಂದಿರಲ್ಲ, ಆ ‘ಬರೀ’ ನನ್ನನ್ನು ಕಾಡುತ್ತದೆ. ಐಗುಪ್ತದಿಂದ (ಈಜಿಪ್ಟ್) ಬಿಡುಗಡೆಯಾದುದನ್ನು ನೆನೆಯುವ ಪಸ್ಕ ಹಬ್ಬದ ಊಟಕ್ಕೆ ಕೂತ ಯೆಹೂದ್ಯನು, ಐಗುಪ್ತದ ದಾಸ್ಯದಿಂದ ಹೊರಬಂದವನು ತಾನೇ ಎಂದು ಭಾವಿಸಬೇಕು. ಅಜ್ಜಂದಿರ ಕಥೆ ಎಂದಲ್ಲ. ‘ನನ್ನ ನೆನಪಿಗಾಗಿ ಹೀಗೆ ಮಾಡಿರಿ’ ಎಂಬ ಯೇಸುವಿನ ಮಾತು ಹುಟ್ಟಿದ್ದು ಆ ನೆಲದಲ್ಲಿ. ಅಲ್ಲಿ ನೆನೆಯುವುದೆಂದರೆ ಆದ ಘಟನೆಯ ಒಳಗೆ ಹೋಗಿ ನಿಲ್ಲುವುದು.

ಈ ಭೋಜನದ ಬಗ್ಗೆ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಬರಹ ಪ್ರೇಷಿತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರ, ಸುಮಾರು ಕ್ರಿ.ಶ. 55ರದ್ದು. ಅದರ 11ನೇ ಅಧ್ಯಾಯ ಓದಿ. ಪೌಲ ಅಲ್ಲಿ ರೊಟ್ಟಿ ಏನಾಗುತ್ತದೆಂದು ವಿವರಿಸುತ್ತಿಲ್ಲ, ಗದರುತ್ತಿದ್ದಾನೆ: ಉಳ್ಳವರು ಮೊದಲೇ ತಿಂದು ಕುಡಿದು ಅಮಲೇರಿದ್ದಾರೆ, ಇಲ್ಲದವರು ಹಸಿದು ಕೂತಿದ್ದಾರೆ, ಇದು ಕರ್ತನ ಭೋಜನವೇ ಅಲ್ಲ ಅನ್ನುತ್ತಾನೆ. ‘ರೊಟ್ಟಿ ಒಂದೇ ಆದುದರಿಂದ ಅನೇಕರಾದ ನಾವು ಒಂದೇ ದೇಹ’ ಎಂದು ಅದಕ್ಕೂ ಹಿಂದಿನ ಅಧ್ಯಾಯದಲ್ಲೇ ಹೇಳಿದ್ದಾನೆ. ನನ್ನ ಓದಿನಲ್ಲಿ, ಪೌಲನ ‘ದೇಹ’ ಕೈಯಲ್ಲಿರುವ ರೊಟ್ಟಿಯೂ ಹೌದು, ಪಕ್ಕದಲ್ಲಿ ಹಸಿದು ಕೂತವನೂ ಹೌದು.

ಮುಂದಿನ ಸಲ ಬಲಿಪೂಜೆಯಲ್ಲಿ, ಎತ್ತಿ ತೋರಿಸುವ ಕ್ಷಣದ ಜೊತೆಗೆ ಮುರಿಯುವ ಕ್ಷಣವನ್ನೂ ಗಮನಿಸಿ. ಗುರುಗಳು ರೊಟ್ಟಿಯನ್ನು ಮುರಿದು ಚೂರೊಂದನ್ನು ಪಾತ್ರೆಯ ದ್ರಾಕ್ಷಾರಸಕ್ಕೆ ಹಾಕುತ್ತಾರೆ. ಆದಿ ಕ್ರೈಸ್ತರು ಈ ಇಡೀ ಆರಾಧನೆಯನ್ನು ಕರೆಯುತ್ತಿದ್ದದ್ದೇ ‘ರೊಟ್ಟಿ ಮುರಿಯುವುದು’ ಎಂದು.