ಪಕ್ಕೆಲುಬು ಮುರಿದು ಐಸಿಡಿ ಹಾಕಿರುವ ರೋಗಿಗೆ ಆರೈಕೆಯ ಗುರಿಗಳನ್ನು ಹೇಗೆ ಬರೆಯಬೇಕು?

ಬೈಕ್ ಅಪಘಾತದಲ್ಲಿ ಪಕ್ಕೆಲುಬು ಮುರಿದು, ಎದೆಗೆ ಐಸಿಡಿ (ಎದೆಯೊಳಗಿನ ಗಾಳಿ, ರಕ್ತವನ್ನು ಬಾಟಲಿಗೆ ಹರಿಸುವ ಟ್ಯೂಬ್) ಹಾಕಿರುವ ರೋಗಿಯ ಕೇರ್ ಪ್ಲಾನ್‌ನಲ್ಲಿ 'ಉಸಿರಾಟ ಸುಧಾರಿಸುವುದು' ಎಂದು ಗುರಿ ಬರೆದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಗುರಿ ಮುಟ್ಟಿತೋ ಇಲ್ಲವೋ ಎಂಬುದನ್ನು ಮುಂದಿನ ಶಿಫ್ಟ್‌ನವರು ಅಳೆದು ಹೇಳುವಂತಿರಬೇಕು. ನಾನು ಹೀಗೆ ಬರೆಯುತ್ತೇನೆ: 'ಒಂದು ಗಂಟೆಯೊಳಗೆ ಉಸಿರಿನ ವೇಗ ನಿಮಿಷಕ್ಕೆ 12ರಿಂದ 20, ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) ಶೇ. 94 ಅಥವಾ ಹೆಚ್ಚು. ನಡುವೆ ಏದುಸಿರಿಲ್ಲದೆ ಪೂರ್ತಿ ವಾಕ್ಯ ಮಾತನಾಡಬೇಕು.' ಮೊದಲೇ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇದ್ದವರಾದರೆ ಸ್ಯಾಚುರೇಷನ್ 88ರಿಂದ 92 ಸಾಕು.

ಸ್ಯಾಚುರೇಷನ್ ಒಂದನ್ನೇ ನಂಬಬೇಡಿ. ಮಾಸ್ಕ್‌ನಲ್ಲಿ ಆಕ್ಸಿಜನ್ ಹರಿಯುತ್ತಿದ್ದರೆ ಅದು 97 ತೋರಿಸುತ್ತಿರುವಾಗಲೇ ರೋಗಿ ಒಳಗೊಳಗೇ ದಣಿಯುತ್ತಿರಬಹುದು. ಸಾಮಾನ್ಯವಾಗಿ ಮೊದಲು ಏರುವುದು ಉಸಿರಿನ ವೇಗ. ಅದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ರೋಗಿ ಇದ್ದಕ್ಕಿದ್ದಂತೆ ಚಡಪಡಿಸಿ ಮಾಸ್ಕ್ ಕಿತ್ತರೆ, ನಿದ್ದೆಯ ಇಂಜೆಕ್ಷನ್ ಬಗ್ಗೆ ಯೋಚಿಸುವ ಮೊದಲು ಆಕ್ಸಿಜನ್ ಕೊರತೆಯೇ ಎಂದು ನೋಡಿ.

ಎರಡನೆಯದು ನೋವು. ಇದನ್ನು ಎಲ್ಲರೂ ಕೊನೆಗೆ ಬರೆಯುತ್ತಾರೆ, ಆದರೆ ಪಕ್ಕೆಲುಬು ಮುರಿದವರಿಗೆ ನೋವು ಇಳಿಯದೆ ಉಸಿರು ಸುಧಾರಿಸುವುದಿಲ್ಲ. ನೋವಿಗೆ ಹೆದರಿ ಅವರು ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ನಿಂತು ಕೆಲವೇ ದಿನಗಳಲ್ಲಿ ನ್ಯುಮೋನಿಯಾ ಆಗಬಹುದು. ಸುಮ್ಮನೆ ಮಲಗಿದ್ದಾಗಿನ ನೋವನ್ನು ಕೇಳಿ ಪ್ರಯೋಜನವಿಲ್ಲ, 'ಕೆಮ್ಮಿದಾಗ ನೋವು 10ರಲ್ಲಿ 4ಕ್ಕಿಂತ ಕಡಿಮೆ' ಎಂದು ಬರೆಯಿರಿ. ನೋವಿನ ಔಷಧ ಹಿಡಿದ ಮೇಲೆ ಸ್ಪೈರೋಮೀಟರ್ (ಆಳವಾಗಿ ಉಸಿರೆಳೆಯುವ ವ್ಯಾಯಾಮದ ಸಾಧನ) ಮಾಡಿಸಿ, ಎಚ್ಚರವಿರುವಾಗ ಗಂಟೆಗೆ 10 ಸಲ. ಕೆಮ್ಮುವಾಗ ಪೆಟ್ಟಾದ ಕಡೆ ದಿಂಬು ಒತ್ತಿ ಹಿಡಿಯಲಿ. ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಬಾರದು. ಬೆನ್ನುಮೂಳೆಗೆ ಪೆಟ್ಟಿಲ್ಲ ಎಂದು ಡಾಕ್ಟರ್ ಹೇಳುವವರೆಗೆ ಹಾಸಿಗೆಯ ತಲೆಯ ಭಾಗ ಮಡಚಿ ಏರಿಸಬೇಡಿ.

ಐಸಿಡಿಗೆ ಬೇರೆಯೇ ಗುರಿ ಬೇಕು: ಬಾಟಲಿ ಸದಾ ಎದೆಗಿಂತ ಕೆಳಗೆ, ಒಳಗಿನ ಕೊಳವೆಯ ತುದಿ ನೀರಿನಲ್ಲಿ 2 ಸೆಂ.ಮೀ. ಮುಳುಗಿರಬೇಕು, ಉಸಿರಿನೊಂದಿಗೆ ನೀರು ಏರಿಳಿಯಬೇಕು. ಏರಿಳಿತ ನಿಂತರೆ ಟ್ಯೂಬ್ ಮಡಚಿದೆಯೇ, ರೋಗಿಯ ಮೈಕೆಳಗೆ ಸಿಕ್ಕಿದೆಯೇ, ರಕ್ತ ಹೆಪ್ಪುಗಟ್ಟಿದೆಯೇ ನೋಡಿ. ಶ್ವಾಸಕೋಶ ಪೂರ್ತಿ ಹಿಗ್ಗಿದಾಗಲೂ ನಿಲ್ಲುತ್ತದೆ. ಎಕ್ಸ್-ರೇಗೆ ಕರೆದೊಯ್ಯುವಾಗ ಟ್ಯೂಬ್‌ಗೆ ಕ್ಲ್ಯಾಂಪ್ ಹಾಕುವುದು ದೊಡ್ಡ ತಪ್ಪು. ಶ್ವಾಸಕೋಶದಿಂದ ಗಾಳಿ ಸೋರುತ್ತಿದ್ದರೆ ಅದು ಎದೆಯೊಳಗೇ ತುಂಬಿ ಹೃದಯವನ್ನು ಒತ್ತುತ್ತದೆ. ಬಾಟಲಿ ಒಡೆದರೆ ಟ್ಯೂಬ್‌ನ ತುದಿಯನ್ನು ಸ್ಟೆರೈಲ್ ಸಲೈನ್‌ನಲ್ಲಿ ಅದ್ದಿ. ಹಾಕಿದ ಕೂಡಲೇ 1500 ಮಿ.ಲೀ. ರಕ್ತ ಬಂದರೆ, ಅಥವಾ ಗಂಟೆಗೆ 200 ಮಿ.ಲೀ.ನಂತೆ 2ರಿಂದ 4 ಗಂಟೆ ಬರುತ್ತಲೇ ಇದ್ದರೆ ಆಪರೇಷನ್ ಬೇಕಾಗಬಹುದು. ಸರ್ಜನ್‌ಗೆ ತಿಳಿಸಲು ನಾಲ್ಕನೇ ಗಂಟೆಯವರೆಗೆ ಕಾಯಬೇಡಿ, ಮೊದಲ 200ಕ್ಕೇ ಫೋನ್ ಮಾಡಿ. ಬಿಪಿ ಕುಸಿದು, ಕತ್ತಿನ ರಕ್ತನಾಳ ಉಬ್ಬಿ, ಒಂದು ಕಡೆ ಉಸಿರಿನ ಸದ್ದೇ ಕೇಳದಿದ್ದರೆ ಎಕ್ಸ್-ರೇಗೂ ಕಾಯುವಂತಿಲ್ಲ, ಆ ಕ್ಷಣವೇ ಡಾಕ್ಟರನ್ನು ಕೂಗಿ ಕರೆಯಿರಿ.