ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನಲ್ಲಿ ಜೆರ್ರಿ ರೈಸ್ ನಿಜವಾಗಿಯೂ ಎಲ್ಲರಿಗಿಂತ ದೊಡ್ಡ ವೈಡ್ ರಿಸೀವರ್ ಹೌದಾ, ಅಥವಾ ಬರೀ ಜಾಸ್ತಿ ವರ್ಷ ಆಡಿದ್ದಕ್ಕೆ ಆ ಹೆಸರಾ? ಪ್ರತಿಭೆಯಲ್ಲಿ ರ‍್ಯಾಂಡಿ ಮಾಸ್ ಮುಂದಲ್ವಾ? ಕ್ಯಾಲ್ವಿನ್ ಜಾನ್ಸನ್ ಎಲ್ಲಿ ನಿಲ್ಲುತ್ತಾನೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ವಾದಗಳಿವೆ. ಒಂದು, ರೈಸ್ 20 ಸೀಸನ್ ಆಡಿದ, ಹಾಗಾಗಿ ದಾಖಲೆಗಳು ತಾವಾಗೇ ಬಂದವು. ಇನ್ನೊಂದು, ಬರೀ ಪ್ರತಿಭೆ ನೋಡಿದರೆ ರ‍್ಯಾಂಡಿ ಮಾಸ್ ಮುಂದೆ. ಎರಡನೆಯದನ್ನು ಅರ್ಧ ಒಪ್ಪುತ್ತೇನೆ. ಮೊದಲನೆಯದು ಲೆಕ್ಕಕ್ಕೆ ಕೂತರೆ ನಿಲ್ಲುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನಿರುವುದು ಮಿನೆಸೋಟಾದಲ್ಲಿ. ಮಾಸ್ ಹೆಸರು ಮಾಡಿದ್ದು ಇಲ್ಲಿನ ವೈಕಿಂಗ್ಸ್ ತಂಡದಲ್ಲಿ. ಈ ಊರಲ್ಲಿ ಕೂತು ರೈಸ್ ಪರ ಮಾತಾಡಿದರೆ ಆಫೀಸಿನಲ್ಲಿ ಯಾರೂ ಕಾಫಿಗೆ ಕರೆಯಲ್ಲ.

ಆಟ ಹೊಸದಾಗಿ ನೋಡುವವರಿಗೆ ಒಂದೆರಡು ಮಾತು. ವೈಡ್ ರಿಸೀವರ್ ಅಂದರೆ ಮೈದಾನದ ಅಂಚಿನ ಕಡೆ ನಿಂತು, ಆಟ ಶುರುವಾದ ಕೂಡಲೇ ಓಡಿ, ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯುವವನು. ಅವನನ್ನು ಅಂಟಿಕೊಂಡು ಓಡುವವನು ಎದುರು ತಂಡದ ಕಾರ್ನರ್‌ಬ್ಯಾಕ್. ಹಿಂದೆ ಕಾವಲಿಗೆ ಸೇಫ್ಟಿಗಳು. ಚೆಂಡು ಹಿಡಿದು ಎಷ್ಟು ಮುಂದೆ ಸಾಗಿದ ಎಂಬುದರ ಲೆಕ್ಕ ಯಾರ್ಡ್‌ಗಳಲ್ಲಿ. ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್. ರಿಸೀವರ್ ಎಷ್ಟು ಒಳ್ಳೆಯವನಾದರೂ ಚೆಂಡು ಎಸೆಯುವವನು ಬೇರೆ. ಈ ಜಗಳ ಮುಗಿಯದಿರುವುದಕ್ಕೆ ಅದೇ ಮುಖ್ಯ ಕಾರಣ.

ರೈಸ್‌ನ ಒಟ್ಟು ಅಂಕಿಗಳು ನಿಮಗೆ ಗೊತ್ತೇ ಇರುತ್ತವೆ: 1,549 ಕ್ಯಾಚ್, 22,895 ಯಾರ್ಡ್, 197 ಟಚ್‌ಡೌನ್ ಕ್ಯಾಚ್. ಯಾರ್ಡ್‌ಗಳಲ್ಲಿ ಎರಡನೇ ಸ್ಥಾನದ ಲ್ಯಾರಿ ಫಿಟ್ಜ್‌ಜೆರಾಲ್ಡ್ ಹತ್ತಿರ ಇರುವುದು 17,492. ಆದರೆ ಈ ಒಟ್ಟು ಮೊತ್ತವನ್ನು ಪಕ್ಕಕ್ಕಿಡೋಣ. 1985ರಲ್ಲಿ ಬಂದ ರೈಸ್, 1994ರ ಸೀಸನ್ ಮುಗಿಸಿ ಮನೆಗೆ ಹೋಗಿಬಿಟ್ಟ ಅಂದುಕೊಳ್ಳಿ. ಆ ಹತ್ತು ವರ್ಷಕ್ಕೇ 131 ಟಚ್‌ಡೌನ್ ಕ್ಯಾಚ್, 13,275 ಯಾರ್ಡ್ ಆಗಿತ್ತು. ಹಾಲ್ ಆಫ್ ಫೇಮ್‌ನಲ್ಲಿರುವ, ಅಂದರೆ ಸಾರ್ವಕಾಲಿಕ ಶ್ರೇಷ್ಠರ ಗೌರವ ಪಟ್ಟಿಯಲ್ಲಿರುವ, ರಿಸೀವರ್ ಕ್ರಿಸ್ ಕಾರ್ಟರ್ ಇಡೀ ವೃತ್ತಿಯಲ್ಲಿ ಗಳಿಸಿದ್ದು 130 ಟಚ್‌ಡೌನ್. ಈಗ ಮಾಸ್‌ನ ಮೊದಲ ಹತ್ತು ವರ್ಷ ಕೂಡಿಸಿ, 1998ರಿಂದ 2007. ಟಚ್‌ಡೌನ್ 124, ಯಾರ್ಡ್ 12,193. ಅಂದರೆ ಇಬ್ಬರಿಗೂ ಅಷ್ಟೇ ವರ್ಷ ಕೊಟ್ಟರೂ ರೈಸ್ ಮುಂದೆಯೇ ಇದ್ದಾನೆ. ಉಳಿದ ಹತ್ತು ವರ್ಷ ಬಡ್ಡಿ.

ಅದರಲ್ಲೂ 1987 ನೋಡಿ. ಆ ವರ್ಷ ಆಟಗಾರರ ಮುಷ್ಕರ. ರೈಸ್ ಆಡಿದ್ದು 12 ಪಂದ್ಯ ಮಾತ್ರ. ಹಿಡಿದ ಟಚ್‌ಡೌನ್ 22. ಲೀಗ್‌ನಲ್ಲಿ ಎರಡನೇ ಸ್ಥಾನದಲ್ಲಿದ್ದ ಮೈಕ್ ಕ್ವಿಕ್ ಹಿಡಿದದ್ದು 11. ಸರಿಯಾಗಿ ಅರ್ಧ! 20 ವರ್ಷದ ನಂತರ, 2007ರಲ್ಲಿ, ಮಾಸ್ 23 ಹಿಡಿದು ಆ ದಾಖಲೆ ಮುರಿದ. ಆದರೆ ಅವನಿಗೆ 16 ಪಂದ್ಯ ಸಿಕ್ಕಿತ್ತು.

ಇದಕ್ಕೆ ನನ್ನ ಸ್ನೇಹಿತರು ಕೊಡುವ ಉತ್ತರ ಗೊತ್ತು: ರೈಸ್‌ಗೆ ಎಸೆದವರು ಜೋ ಮೊಂಟಾನಾ, ಸ್ಟೀವ್ ಯಂಗ್. ಇಬ್ಬರೂ ಹಾಲ್ ಆಫ್ ಫೇಮ್. ಜೊತೆಗೆ ಕೋಚ್ ಬಿಲ್ ವಾಲ್ಷ್ ಅವರ ತಂತ್ರ, ಬೇಗ ಎಸೆ, ಚಿಕ್ಕದಾಗಿ ಎಸೆ, ಉಳಿದದ್ದನ್ನು ರಿಸೀವರ್ ಓಡಿ ಗಳಿಸಲಿ. ಸ್ಯಾನ್ ಫ್ರಾನ್ಸಿಸ್ಕೋ 49ರ್ಸ್‌ನಲ್ಲಿ ಯಾರನ್ನು ನಿಲ್ಲಿಸಿದ್ದರೂ ದೊಡ್ಡವನಾಗುತ್ತಿದ್ದ ಅಂತ. ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು. ಮಾಸ್‌ಗೆ ಓಕ್ಲೆಂಡ್ ರೈಡರ್ಸ್ ತಂಡದಲ್ಲಿ ಸಿಕ್ಕ ಕ್ವಾರ್ಟರ್‌ಬ್ಯಾಕ್‌ಗಳನ್ನು ನೆನೆದರೆ ಪಾಪ ಅನಿಸುತ್ತದೆ. ಆದರೂ ರೈಸ್ ಕೂಡ ಓಕ್ಲೆಂಡ್‌ಗೆ ಹೋದ, ಅದೂ ವಯಸ್ಸಾದ ಮೇಲೆ. 2002ರ ಸೀಸನ್ ನಡುವೆ 40 ತುಂಬಿತು. ಆ ವರ್ಷ 92 ಕ್ಯಾಚ್, 1,211 ಯಾರ್ಡ್, ತಂಡ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೂ ಹೋಯಿತು. ಎಸೆದವನು ರಿಚ್ ಗ್ಯಾನನ್. ವಾಲ್ಷ್ ಇಲ್ಲ, ಮೊಂಟಾನಾ ಇಲ್ಲ, ಕಾಲಲ್ಲಿ ಹಳೆಯ ಓಟವೂ ಇಲ್ಲ.

ಅಸಲಿಗೆ ಓಟದ ವಿಷಯದಲ್ಲಿ ಮೊದಲಿನಿಂದಲೂ ಅನುಮಾನವೇ ಇತ್ತು. ಮಿಸಿಸಿಪಿಯ ಕ್ರಾಫರ್ಡ್ ಎಂಬ ಸಣ್ಣ ಊರಿನ ಹುಡುಗ. ತಂದೆ ಇಟ್ಟಿಗೆ ಕಟ್ಟುವ ಮೇಸ್ತ್ರಿ. ಓದಿದ್ದು ಮಿಸಿಸಿಪಿ ವ್ಯಾಲಿ ಸ್ಟೇಟ್‌ನಲ್ಲಿ, ದೊಡ್ಡ ಫುಟ್‌ಬಾಲ್ ಹೆಸರಿರುವ ಕಾಲೇಜಲ್ಲ. 1985ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಅವನಿಗಿಂತ ಮೊದಲು ಇಬ್ಬರು ರಿಸೀವರ್‌ಗಳು ಹೋದರು: ಆಲ್ ಟೂನ್ ಮತ್ತು ಎಡ್ಡಿ ಬ್ರೌನ್. ರೈಸ್‌ನ ಸರದಿ ಬಂದಿದ್ದು 16ನೆಯದಾಗಿ. ತಮಾಷೆ ಏನೆಂದರೆ ಆ ಬ್ರೌನ್ ಸೇರಿದ ಸಿನ್ಸಿನಾಟಿ ಬೆಂಗಾಲ್ಸ್ ತಂಡವೇ 1989ರ ಜನವರಿಯಲ್ಲಿ 23ನೇ ಸೂಪರ್ ಬೌಲ್‌ನಲ್ಲಿ ಎದುರಾಯಿತು. ರೈಸ್ 11 ಕ್ಯಾಚ್, 215 ಯಾರ್ಡ್. ಪಂದ್ಯದ ಶ್ರೇಷ್ಠ ಆಟಗಾರನೂ ಅವನೇ. ಕೊನೆಯ ನಿಮಿಷಗಳಲ್ಲಿ ಮೂರು ಅಂಕ ಹಿಂದಿದ್ದ 49ರ್ಸ್ 92 ಯಾರ್ಡ್ ಸಾಗಬೇಕಿತ್ತು. ನಡುವೆ ಪೆನಾಲ್ಟಿ ಬಿದ್ದು, ಚೆಂಡು ತಮ್ಮ ಬಳಿಯೇ ಉಳಿಯಲು 20 ಯಾರ್ಡ್ ಬೇಕು ಎಂಬ ಸ್ಥಿತಿಯಲ್ಲಿ, ಚೆಂಡು ಯಾರ ಕಡೆ ಹೋಗುತ್ತದೆ ಅಂತ ಇಡೀ ಕ್ರೀಡಾಂಗಣಕ್ಕೆ ಗೊತ್ತು. ಆದರೂ ರೈಸ್ 27 ಯಾರ್ಡ್ ಹಿಡಿದ. ಗೆಲುವಿನ ಟಚ್‌ಡೌನ್ ಮಾತ್ರ ಜಾನ್ ಟೇಲರ್‌ನದು. ಅವನನ್ನು ಯಾರೂ ನೆನೆಯುವುದಿಲ್ಲ ಎನ್ನುವುದು ನನಗೆ ಸ್ವಲ್ಪ ಬೇಜಾರಿನ ಸಂಗತಿ.

ಒಂದು ಕಳಂಕವನ್ನೂ ಹೇಳಬೇಕು. ಕೈಗವಸಿಗೆ ಅಂಟು ಹಚ್ಚುವುದನ್ನು ಲೀಗ್ 1981ರಲ್ಲೇ ನಿಷೇಧಿಸಿತ್ತು. ತಾನು ಅದನ್ನು ಬಳಸುತ್ತಿದ್ದೆ ಎಂದು ರೈಸ್ 2015ರಲ್ಲಿ ತಾನೇ ಹೇಳಿಕೊಂಡ, ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದರು ಎಂದೂ ಸೇರಿಸಿದ. ತಪ್ಪು ತಪ್ಪೇ. ಆದರೆ ಅಂಟು ಚೆಂಡು ಹಿಡಿಯಲು ನೆರವಾಗಬಹುದು, ಕಾವಲಿನವನಿಂದ ಮೂರು ಹೆಜ್ಜೆ ದೂರ ಹೋಗಲು ಅಲ್ಲ. ರೈಸ್‌ನ ಕಸುಬು ಇದ್ದದ್ದು ಅಲ್ಲೇ, ತಿರುವಿನಲ್ಲಿ. ವೇಗ ಕಡಿಮೆ ಮಾಡದೆ ದಿಕ್ಕು ಬದಲಿಸುತ್ತಿದ್ದ.

ಈಗ ಮಾಸ್. ಇಲ್ಲಿ ನನ್ನ ಕೈ ಸ್ವಲ್ಪ ನಡುಗುತ್ತದೆ, ಯಾಕೆಂದರೆ ಒಂದೇ ಒಂದು ಎಸೆತಕ್ಕೆ ಒಬ್ಬನನ್ನು ಆರಿಸಿ ಅಂದರೆ ನಾನೂ ಇವನನ್ನೇ ಆರಿಸುತ್ತೇನೆ. 1998ರಲ್ಲಿ ಬಂದ ಹೊಸ ಹುಡುಗ. ಕಾಲೇಜು ದಿನಗಳ ತಂಟೆಗಳಿಗೆ ಹೆದರಿ 20 ಮಂದಿಯನ್ನು ಅವನಿಗಿಂತ ಮೊದಲೇ ಆರಿಸಿಕೊಂಡಿದ್ದರು. ಹಾಗೆ ಅವನನ್ನು ಬಿಟ್ಟ ತಂಡಗಳಲ್ಲಿ ಡಲ್ಲಾಸ್ ಕೂಡ ಒಂದು. ಅದೇ ವರ್ಷ ಥ್ಯಾಂಕ್ಸ್‌ಗಿವಿಂಗ್ ದಿನ ಅವರದೇ ಅಂಗಳದಲ್ಲಿ ಮಾಸ್ ಹಿಡಿದದ್ದು ಮೂರೇ ಕ್ಯಾಚ್. ಮೂರೂ ಟಚ್‌ಡೌನ್. 163 ಯಾರ್ಡ್. ಅದಕ್ಕೂ ಮೊದಲು ಅಕ್ಟೋಬರ್‌ನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಮನೆಯಲ್ಲೇ 190 ಯಾರ್ಡ್ ಹೊಡೆದಿದ್ದ. ಸತತ 25 ಪಂದ್ಯ ಮನೆಯಲ್ಲಿ ಗೆದ್ದಿದ್ದ ತಂಡ ಅಂದು ಸೋತಿತು. ಮರುವರ್ಷದ ಡ್ರಾಫ್ಟ್‌ನಲ್ಲಿ ಪ್ಯಾಕರ್ಸ್ ತಮ್ಮ ಮೊದಲ ಮೂರೂ ಆಯ್ಕೆಗಳನ್ನು ಹಿಂಬದಿ ಕಾವಲಿನವರಿಗೇ ಖರ್ಚು ಮಾಡಿದರು. ಒಬ್ಬ 22 ವರ್ಷದ ಹುಡುಗನಿಗೋಸ್ಕರ! ರೈಸ್‌ಗೆ ಹೆದರಿ ಯಾರೂ ಹೀಗೆ ಮಾಡಿದ್ದು ನೆನಪಿಲ್ಲ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. 1998ರ ವೈಕಿಂಗ್ಸ್ 556 ಅಂಕ ಗಳಿಸಿ ಲೀಗ್ ದಾಖಲೆ ಮಾಡಿತು. ಅದನ್ನು ಮುರಿದದ್ದು 589 ಅಂಕದ 2007ರ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಎರಡೂ ತಂಡದಲ್ಲಿ ಮಾಸ್ ಇದ್ದ. ಅವನು ನೇರವಾಗಿ ಓಡಿದರೆ ಸಾಕು, ಇಬ್ಬರು ಅವನ ಹಿಂದೆ ಹೋಗುತ್ತಿದ್ದರು, ಉಳಿದವರಿಗೆ ಜಾಗ ತೆರೆದುಕೊಳ್ಳುತ್ತಿತ್ತು. ಇದು ಯಾವ ಅಂಕಿ ಪಟ್ಟಿಯಲ್ಲೂ ಅವನ ಖಾತೆಗೆ ಸೇರುವುದಿಲ್ಲ.

ಹಾಗಾದರೆ ಅರ್ಧ ಮಾತ್ರ ಒಪ್ಪಿದ್ದು ಯಾಕೆ? ಮನಸ್ಸು ಬಂದಾಗ ಮಾತ್ರ ಆಡುತ್ತೇನೆ ಎಂಬರ್ಥದ ಮಾತು 2001ರಲ್ಲಿ ಮಾಸ್ ಬಾಯಿಂದಲೇ ಬಂತು. ಓಕ್ಲೆಂಡ್‌ನ ಎರಡನೇ ವರ್ಷ, 2006ರಲ್ಲಿ, ಅದು ಕಣ್ಣಿಗೂ ಕಂಡಿತು: 553 ಯಾರ್ಡ್, ಮೂರು ಟಚ್‌ಡೌನ್. ಕೊನೆಗೆ ಡ್ರಾಫ್ಟ್‌ನ ನಾಲ್ಕನೇ ಸುತ್ತಿನ ಒಂದು ಆಯ್ಕೆಗೆ ಅವನನ್ನು ನ್ಯೂ ಇಂಗ್ಲೆಂಡ್‌ಗೆ ಬಿಟ್ಟುಕೊಟ್ಟರು. ಮರುವರ್ಷವೇ 23 ಟಚ್‌ಡೌನ್ ಹಿಡಿದ ಅಂದರೆ ಕಾಲಿನಲ್ಲಿ ದೋಷ ಇರಲಿಲ್ಲ. ಪ್ರತಿಭೆಯ ಲೆಕ್ಕದಲ್ಲಿ ಮನಸ್ಸನ್ನೂ ಸೇರಿಸಬೇಕು ಅಲ್ವಾ?

ಹಳಬರ ಪಕ್ಷದವರು ಡಾನ್ ಹಟ್ಸನ್ ಹೆಸರು ಎತ್ತುತ್ತಾರೆ. ಇದು ಕ್ರಿಕೆಟ್‌ನ ಬ್ರಾಡ್ಮನ್ ವಾದದಂತೆ, ಎದುರು ಮಾತಾಡುವುದು ಕಷ್ಟ. 1942ರಲ್ಲಿ ಪ್ಯಾಕರ್ಸ್ ಪರ 11 ಪಂದ್ಯದಲ್ಲಿ ಹಟ್ಸನ್ ಹಿಡಿದದ್ದು 74 ಕ್ಯಾಚ್, ಎರಡನೆಯವನು 27. ಯಾರ್ಡ್ 1,211. ಹೌದು, 60 ವರ್ಷದ ನಂತರ 40ರ ರೈಸ್ ಗಳಿಸಿದ ಅದೇ ಅಂಕಿ. 1945ರಲ್ಲಿ ನಿವೃತ್ತನಾದ ಹಟ್ಸನ್‌ನ 99 ಟಚ್‌ಡೌನ್ ಕ್ಯಾಚ್‌ಗಳ ದಾಖಲೆಯನ್ನು ಸ್ಟೀವ್ ಲಾರ್ಜೆಂಟ್ ದಾಟಿದ್ದು 1989ರಲ್ಲಿ. ಆದರೆ 1934ರಿಂದ 1945ರವರೆಗೆ ಈ ಲೀಗ್‌ನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಬಾಗಿಲನ್ನೇ ಮುಚ್ಚಿದ್ದರು. ಹಟ್ಸನ್ ಆಡಿದ್ದು 1935ರಿಂದ 1945. ಕೊನೆಯ ವರ್ಷಗಳಲ್ಲಿ ಯುದ್ಧದಿಂದಾಗಿ ಉಳಿದವರಲ್ಲೂ ಎಷ್ಟೋ ಜನ ಸೈನ್ಯದಲ್ಲಿದ್ದರು. ಅದು ಅವನ ತಪ್ಪಲ್ಲ, ಆದರೆ ಅವನು ಎದುರಿಸಿದ್ದು ಇಡೀ ದೇಶದ ಪ್ರತಿಭೆಯನ್ನಲ್ಲ. ನನ್ನ ಪಟ್ಟಿಯಲ್ಲಿ ಅವನು ಮೂರನೆಯವನು.

ನಡುವಿನ ಕಾಲದವರಿಗೆ ಅನ್ಯಾಯವೇ ಆಗುತ್ತದೆ. 1978ಕ್ಕೆ ಮೊದಲು ಕಾರ್ನರ್‌ಬ್ಯಾಕ್ ರಿಸೀವರ್‌ನನ್ನು ದೂರ ಹೋದ ಮೇಲೂ ತಳ್ಳಬಹುದಿತ್ತು. ಆ ವರ್ಷದಿಂದ ಐದು ಯಾರ್ಡ್ ದಾಟಿದ ಮೇಲೆ ಮುಟ್ಟುವಂತಿಲ್ಲ. ಪಾಲ್ ವಾರ್‌ಫೀಲ್ಡ್ 1972ರಲ್ಲಿ ಒಂದೂ ಪಂದ್ಯ ಸೋಲದ ಮಯಾಮಿ ತಂಡದಲ್ಲಿದ್ದ. ಆ ಸೀಸನ್‌ನಲ್ಲಿ ಅವನಿಗೆ ಸಿಕ್ಕಿದ್ದು 29 ಕ್ಯಾಚ್, ಯಾಕೆಂದರೆ ತಂಡ ಓಡಿಯೇ ಗೆಲ್ಲುತ್ತಿತ್ತು. ವೃತ್ತಿಯುದ್ದಕ್ಕೂ ಒಂದು ಕ್ಯಾಚಿಗೆ ಸರಾಸರಿ 20 ಯಾರ್ಡ್ ದಾಟಿದವನು. ಇಂದು ಆಡಿದ್ದರೆ ಏನಾಗುತ್ತಿತ್ತೋ! ಟೆರೆಲ್ ಓವೆನ್ಸ್ ಅಂಕಿಗಳಲ್ಲಿ ಮಾಸ್‌ಗೆ ಸಮ, ಮುರಿದ ಕಾಲಿನಲ್ಲಿ ಸೂಪರ್ ಬೌಲ್ ಆಡಿ 122 ಯಾರ್ಡ್ ಗಳಿಸಿದವನು. ಆದರೂ ನನಗೆ ಅವನು ನಾಲ್ಕರಾಚೆ.

ನೀವು ಕೇಳಿದ ಕ್ಯಾಲ್ವಿನ್ ಜಾನ್ಸನ್ ಒಂಬತ್ತು ವರ್ಷ ಆಡಿ, 30ಕ್ಕೇ ಬಿಟ್ಟ. 11,619 ಯಾರ್ಡ್, 83 ಟಚ್‌ಡೌನ್. ರೈಸ್‌ನ ಮೊದಲ ಒಂಬತ್ತು ವರ್ಷ: 11,776 ಮತ್ತು 118. ಯಾರ್ಡ್ ಹೆಚ್ಚುಕಡಿಮೆ ಸಮ. ಟಚ್‌ಡೌನ್ ವ್ಯತ್ಯಾಸದ ಒಂದು ಪಾಲು ಡೆಟ್ರಾಯಿಟ್ ಲಯನ್ಸ್ ತಲೆಗೆ ಕಟ್ಟಬಹುದು. 2008ರಲ್ಲಿ ಆ ತಂಡ 16ಕ್ಕೆ 16 ಸೋತಾಗಲೂ ಜಾನ್ಸನ್ 12 ಟಚ್‌ಡೌನ್ ಹಿಡಿದಿದ್ದ.

ಇಂದಿನವರಲ್ಲಿ ನಮ್ಮೂರಿನ ಜಸ್ಟಿನ್ ಜೆಫರ್ಸನ್ ಮೊದಲ ಐದು ಸೀಸನ್‌ಗೆ 7,432 ಯಾರ್ಡ್ ಮಾಡಿದ್ದಾನೆ, ಇದುವರೆಗೆ ಯಾರೂ ಅಷ್ಟು ಬೇಗ ಮಾಡಿರಲಿಲ್ಲ. ಅದೇ ವೇಗದಲ್ಲಿ ಹೋದರೂ ರೈಸ್‌ನನ್ನು ಮುಟ್ಟಲು ಒಟ್ಟು 15 ಸೀಸನ್ ದಾಟಬೇಕು, ಅದೂ ಗಾಯವಿಲ್ಲದೆ. 2023ರಲ್ಲಿ ತೊಡೆಯ ಸ್ನಾಯು ಎಳೆದುಕೊಂಡು ಏಳು ಪಂದ್ಯ ಹೋಯಿತು. ರೈಸ್‌ಗೆ ದೊಡ್ಡ ಗಾಯವಾಗಿದ್ದು 13ನೇ ಸೀಸನ್‌ನಲ್ಲಿ, 1997ರಲ್ಲಿ. ಮೊಣಕಾಲಿನ ಲಿಗಮೆಂಟ್ ಹರಿಯಿತು. ಅದೇ ಡಿಸೆಂಬರ್‌ನಲ್ಲಿ ಮರಳಿ ಬಂದು, ಟಚ್‌ಡೌನ್ ಹಿಡಿದು, ಮಂಡಿಚಿಪ್ಪು ಒಡೆದುಕೊಂಡ. ಮುಂದಿನ ವರ್ಷ 82 ಕ್ಯಾಚ್, 1,157 ಯಾರ್ಡ್.